ಗೋಲ್‌ಕೀಪರ್ ಬಾಯಿ ಬಿಟ್ಟದ್ದು

ನಿನ್ನೆ ಬೆಳಿಗ್ಗೆ ಒಲೆಯ ಮೇಲೆ ಹಾಲು ಉಕ್ಕಿ ಬರುತ್ತಿತ್ತು, ಇಕ್ಕಳ ಕೈಗೆ ಸಿಗಲಿಲ್ಲ. ನಮ್ಮ ಮನೆಯ ಇಕ್ಕಳ ಬೇಕಾದ ಹೊತ್ತಿಗೆ ಸಿಕ್ಕ ಉದಾಹರಣೆಯೇ ಇಲ್ಲ, ಆ ಮಾತು ಬಿಡಿ. ಅಡುಗೆಮನೆಯ ಕಿಟಕಿಯ ಸರಳಿಗೆ ಒಣಹಾಕಿದ್ದ ಒಂದು ದಪ್ಪನೆಯ ಕೈಗವಸು ಕಣ್ಣಿಗೆ ಬಿತ್ತು. ಎಳೆದುಕೊಂಡು ಕೈಗೇರಿಸಿ ಬೋಗುಣಿಯನ್ನು ಇಳಿಸಿಯೇಬಿಟ್ಟೆ. ಏನು ಅನುಕೂಲ ಅಂತೀರಿ! ಬಿಸಿ ತಾಗಲಿಲ್ಲ, ಬೋಗುಣಿ ಜಾರಲಿಲ್ಲ. ಇಷ್ಟು ವರ್ಷ ಇದು ನನ್ನ ತಲೆಗೆ ಯಾಕೆ ಹೊಳೆಯಲಿಲ್ಲವೋ ಎಂದುಕೊಳ್ಳುವಷ್ಟರಲ್ಲಿ ಬೆನ್ನ ಹಿಂದೆ ಗುಡುಗು.

"ಏ ಟೀಚರ್! ಅದು ಗೋಲ್‌ಕೀಪರ್ ಗ್ಲೌಸ್ ಅದ! ಹಾಲಿನ ಬೋಗುಣಿ ಇಳಸಲಾಕ ತಂದದ್ದಲ್ಲ!"

"ಇರ್ಲಿ ಬಿಡ್ರಿ, ಬಾಲ್ ಅಂತೂ ಹಿಡೀಲಿಲ್ಲ, ಹಾಲರೆ ಹಿಡೀಲಿ" ಎಂದೆ.

ಅಷ್ಟು ಅಂದದ್ದೇ ತಡ, ನಮ್ಮ ಯಜಮಾನರ ಭಾಷಣ ಶುರುವಾಯಿತು. ಗ್ಲೌಸಿನ ಒಳಗಿನ ರಬ್ಬರು ಎಂಥದು, ಅದನ್ನು ಸಾಬೂನಿನಿಂದ ಯಾಕೆ ತೊಳೆಯಬಾರದು, ಹಿಂದೆ ಬರಿಗೈಯಲ್ಲಿ ಬಾಲ್ ಹಿಡಿಯುವಾಗ ಅಂಗೈ ಹೇಗೆ ಉರಿಯುತ್ತಿತ್ತು. ನಾನು ಚಹಾ ಸೋಸಿ, ಕುಡಿದು, ಕಪ್ಪು ತೊಳೆದಿಟ್ಟರೂ ಭಾಷಣ ಮುಗಿಯಲಿಲ್ಲ. ನಾನು ಭಾಲ್ಕಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಕ್ಲಾಸಿನಲ್ಲಿ ಯಾರಾದರೂ ಪಿಸಕ್ ಅಂದರೆ ಸಾಕು, ಚಾಕ್‌ಪೀಸ್ ಎಸೆಯುತ್ತಿದ್ದ ಹೆಂಗಸು. ಅಂಥ ನಾನು ಕೈಕಟ್ಟಿ ಕೂತು ಗ್ಲೌಸಿನ ಪುರಾಣವನ್ನು ಪೂರ್ತಿ ಕೇಳಿದೆ. ನನ್ನ ಹಳೆಯ ವಿದ್ಯಾರ್ಥಿಗಳು ನೋಡಿದ್ದರೆ ನಂಬುತ್ತಿರಲಿಲ್ಲ. ಯಾಕೆ ಕೇಳಿದೆ ಅಂತ ನಿಮಗೆ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಪುರುಸೊತ್ತಿದ್ದರೆ ಕೂತುಕೊಳ್ಳಿ.

ನಮ್ಮವರು ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ಬೀದರಿನಿಂದ ಔರಾದ್, ಔರಾದಿನಿಂದ ಚಿಂತಾಕಿ, ಆ ಹಾದಿಯಲ್ಲಿ ಇವರ ದನಿ ಕೇಳದ ಮರವಿಲ್ಲ. ಗಡಿಯ ಬಸ್ಸು ನೋಡಿ, ಒಂದೇ ಭಾಷೆಯಲ್ಲಿ ಯಾರೂ ಕದಲುವುದಿಲ್ಲ. ಹಾಗಾಗಿ "ಮುಂದ ಸರೀರಿ" ಅಂತ ಕನ್ನಡದಲ್ಲಿ, "ಪುಢೆ ಸರಕಾ" ಅಂತ ಮರಾಠಿಯಲ್ಲಿ, "ಜರಗಂಡಿ" ಅಂತ ತೆಲುಗಿನಲ್ಲಿ, "ಆಗೇ ಬಢೋ ಭಾಯ್" ಅಂತ ಉರ್ದುವಿನಲ್ಲಿ, ಒಂದೇ ಉಸಿರಿಗೆ ಕೂಗುತ್ತಿದ್ದರು. ಡ್ಯೂಟಿ ಮುಗಿದ ಮೇಲಾದರೂ ಗಂಟಲಿಗೆ ವಿಶ್ರಾಂತಿ ಕೊಡಬೇಕೋ ಬೇಡವೋ? ಇಲ್ಲ. ಸಂಜೆ ಫುಟ್ಬಾಲು. ಅದರಲ್ಲೂ ಗೋಲ್‌ಕೀಪರು. ಗೋಲ್‌ಕೀಪರನಿಗೆ ಕೈಗಿಂತ ಬಾಯಿ ಮುಖ್ಯ ಎನ್ನುವುದು ಮದುವೆಯಾದ ಮೇಲೆ ನನಗೆ ತಿಳಿದ ಸತ್ಯಗಳಲ್ಲಿ ಒಂದು. ಮೈದಾನ ಪೂರ್ತಿ ಕಾಣುವುದು ಅವನೊಬ್ಬನಿಗೇ ಅಂತೆ. ನೀ ಎಡಕ್ಕ ಬಾ, ನೀ ಹಿಂದ ನಿಲ್ಲು, ನಿನ್ನ ಹಿಂದ ಒಬ್ಬಾಂವ ಬಂದಾನ ನೋಡೋ, ಎಂದು ಅವನು ಕೂಗುತ್ತಲೇ ಇರಬೇಕಂತೆ.

ಮದುವೆ ಅಂದಾಗ ನೆನಪಾಯಿತು. ನನ್ನ ತವರು ಭಾಲ್ಕಿ ತಾಲೂಕಿನ ಮೆಹಕರ. ಮನೆಯಲ್ಲಿ ಮರಾಠಿ, ಸಾಲಿಯಲ್ಲಿ ಕನ್ನಡ, ಜಗಳಕ್ಕೆ ಎರಡೂ. ನಮ್ಮ ಅಂಗಳದಲ್ಲಿ ಹಾಕಿದ ಹಂದರದ ಕೆಳಗೆ ಮದುಮಗ ಬಂದು ಕೂತಾಗ ಅವರ ಎಡಗೈಯ ಎರಡು ಬೆರಳಿಗೆ ಬಿಳೀ ಪಟ್ಟಿ ಸುತ್ತಿತ್ತು. ಹಿಂದಿನ ದಿನ ಸಂಜೆ ಮ್ಯಾಚ್ ಆಡಿ ಬಂದಿದ್ದರು, ಮಹಾರಾಯರು. ಅರಿಷಿಣ ಹಚ್ಚಿಸಿಕೊಂಡು ಹೋಗಿ ಆಡಿದ್ದರೋ, ಆಡಿ ಬಂದು ಹಚ್ಚಿಸಿಕೊಂಡರೋ, ಇವತ್ತಿಗೂ ನನಗೆ ಗೊತ್ತಾಗಿಲ್ಲ. ನಮ್ಮ ಮಾವಶಿ, ಅಂದರೆ ಅವ್ವನ ತಂಗಿ, ನನ್ನ ಕಿವಿಯಲ್ಲಿ "ಹುಡುಗನ ಕೈಯಾಗ ಏನೋ ಐಬ ಅದ ನೋಡ, ಮುಚ್ಚಿಟ್ಟಾರ" ಎಂದಳು. ಮಂತ್ರದ ನಡುವೆ ಅಯ್ಯನವರೂ ಬೆರಳಿನ ಕಡೆ ನೋಡಿ ಹುಬ್ಬೇರಿಸಿದರು. ಅಷ್ಟು ಸಾಕಾಯಿತು. ಮದುಮಗ ತಾಳಿಯನ್ನು ಕೈಯಲ್ಲಿ ಹಿಡಿದುಕೊಂಡೇ ಅಯ್ಯನವರಿಗೆ ಆ ಪೆನಲ್ಟಿಯನ್ನು ಹೇಗೆ ತಡೆದೆ ಅಂತ ಹೇಳತೊಡಗಿದರು. ಅಯ್ಯನವರು "ಆಮ್ಯಾಗ?" ಎಂದು ಕೇಳಿದರು! ನಮ್ಮಪ್ಪ ಕೆಮ್ಮಿದ ಮೇಲೆ ತಾಳಿ ಕಟ್ಟಿದ್ದು. ಇಂಥ ವಾಚಾಳಿಯ ಜೊತೆ ಹೇಗಪ್ಪಾ ಬಾಳುವುದು ಅಂತ ನಾನು ಅಕ್ಷತೆಯ ಮಳೆಯಲ್ಲಿ ಕೂತು ಚಿಂತೆ ಮಾಡಿದ್ದೆ. ದೇವರು ನಕ್ಕಿರಬೇಕು.

ಬೀದರಿಗೆ ಬಂದು ಚಿದ್ರಿಯಲ್ಲಿ ಮನೆ ಮಾಡಿದ ಮೇಲೆ ನನ್ನ ಸಂಜೆಗಳೆಲ್ಲ ಟಿಂಚರ್ ಹಚ್ಚುವುದರಲ್ಲಿ ಕಳೆದವು. ನಮ್ಮ ಊರಿನ ನೆಲ ನಿಮಗೆ ಗೊತ್ತಲ್ಲ, ಕೆಂಪು ಮುರ್ರಂ, ಬರೀ ಹರಳುಗಲ್ಲು. ಸೈಕಲ್ಲಿನಿಂದ ಬಿದ್ದರೇ ತೊಗಲು ಕಿತ್ತು ಬರುತ್ತದೆ. ಇವರು ಅದರ ಮೇಲೆ ಬರಿಗಾಲಲ್ಲಿ ಫುಟ್ಬಾಲ್ ಆಡುವವರು. ಅದಕ್ಕೇ ಇರಬೇಕು, ಅವರಲ್ಲೊಂದು ರೂಢಿ ಇತ್ತು. ಆಡುವಾಗ ಯಾರೇ ಬೀಳಲಿ, ನಮ್ಮವನಾಗಲಿ ಎದುರಿನವನಾಗಲಿ, ಗೋಲ್‌ಕೀಪರ್ "ಥಾಂಬ್!" ಎಂದು ಕೂಗಬೇಕು. ಥಾಂಬ್ ಅಂದರೆ ಮರಾಠಿಯಲ್ಲಿ ನಿಲ್ಲು ಅಂತ. ಆ ಕೂಗು ಬಿತ್ತೆಂದರೆ ಬಾಲ್ ಯಾರ ಕಾಲಲ್ಲೇ ಇರಲಿ, ಅಲ್ಲಿಗೇ ಬಿಡಬೇಕು. ಬಿದ್ದವನನ್ನು ಎಬ್ಬಿಸಿ, ಮಣ್ಣು ಜಾಡಿಸಿ, ನೀರು ಕುಡಿಸಿ, ಆಮೇಲೆ ಮುಂದಿನ ಆಟ. ಅದರ ನಡುವೆ ಗೋಲ್ ಹೊಡೆದರೆ ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಸಿಳ್ಳೆ ಊದುವ ರೆಫರಿ ಇಲ್ಲದ ಆಟಕ್ಕೆ ಇವರ ಗಂಟಲೇ ಸಿಳ್ಳೆ. ನಮ್ಮ ಮನೆಯ ಹಿತ್ತಲಿಗೂ ಕೇಳುತ್ತಿತ್ತು ಆ "ಥಾಂಬ್". ಕೇಳಿದ ಕೂಡಲೇ ನಾನು ಟಿಂಚರ್ ಶೀಶೆ ಹೊರಗೆ ತೆಗೆದಿಡುತ್ತಿದ್ದೆ, ಬೈದುಕೊಂಡೇ. ಫುಟ್ಬಾಲನ್ನು ನಾನು ಬೈದಷ್ಟು ನಮ್ಮ ಊರಿನಲ್ಲಿ ಮತ್ತೆ ಯಾರೂ ಬೈದಿರಲಿಕ್ಕಿಲ್ಲ.

ಹೀಗಿದ್ದ ಮನುಷ್ಯ ನಿವೃತ್ತರಾದ ಮೇಲೆ ಮಾತು ಬಿಟ್ಟರು.

ಜಗಳ ಮಾಡಿ ಬಿಟ್ಟದ್ದಲ್ಲ, ಕಾಯಿಲೆಯೂ ಅಲ್ಲ. ಡಿಪೋದಲ್ಲಿ ಹಾರ ಹಾಕಿ, ಶಾಲು ಹೊದಿಸಿ ಕಳಿಸಿದರು. ಮನೆಗೆ ಬಂದು ಚರ್ಮದ ಚೀಲವನ್ನು ಮೊಳೆಗೆ ತೂಗುಹಾಕಿ ಕುರ್ಚಿಯಲ್ಲಿ ಕೂತರು. ದಿನದಿನಕ್ಕೆ ಮಾತು ಕಡಿಮೆಯಾಗುತ್ತ ಬಂತು. ಮೈದಾನಕ್ಕೆ ಹೋಗುವುದು ನಿಂತಿತು. ಊಟಕ್ಕೆ ಬರ್ರಿ ಅಂದರೆ "ಹೂಂ". ಪಲ್ಯಕ್ಕೆ ಉಪ್ಪು ಸರಿಯದನ ಅಂದರೆ "ಹೂಂ". ಬೇಕಂತಲೇ ಉಪ್ಪು ಹಾಕದೆ ಕೇಳಿ ನೋಡಿದೆ, ಅದಕ್ಕೂ "ಹೂಂ". ಡಾಕ್ಟರಿಗೆ ತೋರಿಸಿದೆ. ಎಲ್ಲ ಬರೋಬರಿ ಅದ ಅಂದರು. ನಾನು ಮೊದಮೊದಲು ಗದರಿದೆ, ಆಮೇಲೆ ರಮಿಸಿದೆ, ಆಮೇಲೆ ಸುಮ್ಮನಾದೆ. ಹಿತ್ತಲಲ್ಲಿ ಪಾತ್ರೆ ತೊಳೆಯುವಾಗ ನನ್ನ ಬಳೆಯ ಸದ್ದು ನನಗೇ ಕೇಳಿಸುತ್ತಿತ್ತು. ಭಯವಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಒಂದೊಂದು ಸಲ ರೇಡಿಯೋ ಹಚ್ಚಿ ಅದಕ್ಕೆ ಉತ್ತರ ಕೊಡುತ್ತಿದ್ದೆ. ಆ ವಾಚಾಳಿ ನನಗೆ ವಾಪಸ್ ಬೇಕಾಗಿದ್ದರು, ಅಷ್ಟೇ. ಬೇರೆ ಏನೂ ಬೇಕಾಗಿರಲಿಲ್ಲ.

ಹೀಗೇ ಕೆಲವು ವರ್ಷ ಕಳೆದ ಮೇಲೆ ಬಂದವರು ಗೌತಮ ಮತ್ತು ಪಂಡರಿ. ಇವರಿಬ್ಬರನ್ನು ನಿಮಗೆ ಪರಿಚಯ ಮಾಡಿಕೊಡಬೇಕು. ಗೌತಮ ಚಿಂತಾಕಿಯವರು. ಕಾಲೇಜಿಗೆಂದು ನಮ್ಮವರ ಬಸ್ಸಿನಲ್ಲಿ ಬೀದರಿಗೆ ಬರುತ್ತಿದ್ದ ಹುಡುಗನ ಕಾಲಿನ ಗಾತ್ರ ನೋಡಿ, ಬಸ್ಸಿನಲ್ಲೇ ಹಿಡಿದು ಟೀಮಿಗೆ ಸೇರಿಸಿದ್ದು ಇವರೇ. ಆಮೇಲೆ ದನದ ಡಾಕ್ಟರಾಗಿ, ಈಗ ನಿವೃತ್ತರಾಗಿ, ಟೀಮಿನ ಕ್ಯಾಪ್ಟನ್ ಆಗಿದ್ದಾರೆ. ಪಂಡರಿ ನನ್ನ ತವರಿನ ಪಕ್ಕದ ಮನೆಯವನು, ನಾನು ಕಂಕುಳಲ್ಲಿ ಎತ್ತಿಕೊಂಡು ತಿರುಗಿದ ಕೂಸು. ಈಗ ಅವನಿಗೂ ಐವತ್ತು ದಾಟಿದೆ, ಮೆಹಕರದಲ್ಲಿ ಕಬ್ಬು ಬೆಳೆಯುತ್ತಾನೆ. ಗೋಲಿನ ಮುಂದೆ ನಿಂತು ತಡೆಯುವುದು ಅವನ ಕೆಲಸ. ಇಪ್ಪತ್ತು ವರ್ಷದಿಂದ ನಮ್ಮವರ ಬೈಗುಳವೆಲ್ಲ ಮೊದಲು ಅವನಿಗೇ ತಲುಪುತ್ತಿತ್ತು.

"ವೈನಿ, ಹೈದರಾಬಾದಿನಾಗ ಟೂರ್ನಮೆಂಟ್ ಅದರಿ" ಎಂದರು ಗೌತಮ, ಚಹಾ ಕಪ್ಪು ತಗೊಳ್ಳುತ್ತ. "ಇಂಟರ್‌ನ್ಯಾಷನಲ್. ಎಲ್ಲಾರೂ ನಮ್ಮಂಥಾ ರಿಟೈರ್ ಮಂದಿನೇ. ನೇಪಾಳ, ಶ್ರೀಲಂಕಾ, ಮಲೇಶಿಯಾದವರು ಬರ್ಲತ್ತಾರ. ಒಂದು ಟೀಮಿಗೆ ವೀಸಾ ಸಿಕ್ಕಿಲ್ಲಂತ. ಅಲ್ಲಿ ನನ್ನ ದೋಸ್ತ್ ಒಬ್ಬ ಅದಾನ, ನೀವು ಬರ್ತೀರೇನು ಅಂದ. ಹೂಂ ಅಂದೀನಿ."

"ನಿಮ್ಮ ಟೀಮ್ ಇಂಟರ್‌ನ್ಯಾಷನಲ್ಲಾ?" ನನಗೆ ನಗು ತಡೆಯಲಾಗಲಿಲ್ಲ. "ಬೀದರ್ ಬಸ್ ಸ್ಟ್ಯಾಂಡ್ ದಾಟ್ಲಾಕ ಏದುಸಿರು ಬಿಡ್ತೀರಲ್ರಿ!"

"ನಗಬ್ಯಾಡ್ರಿ ವೈನಿ. ನಮಗ ಗೋಲ್‌ಕೀಪರ್ ಬೇಕು. ಅಣ್ಣಾರನ್ನ ಕಳಸ್ರಿ. ಅಣ್ಣಾ ಇಲ್ಲಾಂದ್ರ ನಾವು ಹೋಗಲ್ಲ." ಆಮೇಲೆ ದನಿ ಇಳಿಸಿ, "ಆಡೋದು ಇರ್ಲಿರಿ. ಮೈದಾನದಾಗ ನಿಂತ್ರ ಬಾಯಿ ಬಿಟ್ಟಾರು" ಎಂದರು.

ನಮ್ಮವರು ಕುರ್ಚಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡರು. "ಬರ್ತೀರೇನ್ರಿ ಅಣ್ಣಾ?" ಎಂದದ್ದಕ್ಕೆ "ಹೂಂ" ಅಂದರು. ಅವರ "ಹೂಂ"ಗೆ ಆ ದಿನಗಳಲ್ಲಿ ಯಾವ ಬೆಲೆಯೂ ಇರಲಿಲ್ಲ. ಆದರೆ ಗೌತಮ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡು ಮರುದಿನದಿಂದ ಸ್ಕೂಟರ್ ತಂದು ನಿಲ್ಲಿಸತೊಡಗಿದರು. ಪಂಡರಿ ಹೊಲದ ಕೆಲಸ ಬಿಟ್ಟು ಮೆಹಕರದಿಂದ ಅಷ್ಟು ದೂರ ಬಂದು ಪ್ರ್ಯಾಕ್ಟೀಸ್ ಮಾಡಿ ಹೋಗುತ್ತಿದ್ದ. ನಮ್ಮವರು ಹೋಗುತ್ತಿದ್ದರು, ಗೋಲಿನಲ್ಲಿ ನಿಲ್ಲುತ್ತಿದ್ದರು, ಬಂದ ಬಾಲ್ ಹಿಡಿಯುತ್ತಿದ್ದರು. ಬಾಯಿ ಮಾತ್ರ ಬಿಡುತ್ತಿರಲಿಲ್ಲ. "ಮಾತಾಡವಲ್ಲರಿ ವೈನಿ" ಎಂದು ಗೌತಮ ದಿನಾ ವರದಿ ಒಪ್ಪಿಸುತ್ತಿದ್ದರು. ಕೂಗದ ಗೋಲ್‌ಕೀಪರನನ್ನು ಇಟ್ಟುಕೊಂಡು ಆಡುವುದೆಂದರೆ ಕಣ್ಣು ಕಟ್ಟಿಕೊಂಡು ರಸ್ತೆ ದಾಟಿದಂತೆ. ಆದರೂ ಒಬ್ಬರೂ ಬೇರೆಯವರನ್ನು ಹಾಕೋಣ ಅನ್ನಲಿಲ್ಲ.

ಕ್ರೂಸರ್ ಗಾಡಿ ಮಾಡಿಕೊಂಡು ಹೈದರಾಬಾದಿಗೆ ಹೊರಟೆವು. ನೀವೂ ಬರ್ರಿ ವೈನಿ ಅಂತ ಗೌತಮ ಹಟ ಹಿಡಿದರು. ನಾನೂ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಕಟ್ಟಿಕೊಂಡು, ಜೊತೆಗೆ ಅಭ್ಯಾಸಕ್ಕೆ ಬಿದ್ದು ಟಿಂಚರ್ ಶೀಶೆಯನ್ನೂ ಚೀಲಕ್ಕೆ ಸೇರಿಸಿ ಹತ್ತಿದೆ. ಅಲ್ಲಿ ಹೋಗಿ ನೋಡಿದರೆ ನಾನು ಅಂದುಕೊಂಡ ಹಾಗೆ ಯಾರೂ ಘಟಾನುಘಟಿಗಳಲ್ಲ. ತಲೆ ಬೋಳಾದವರು, ಹೊಟ್ಟೆ ಬಂದವರು, ಮೊಣಕಾಲಿಗೆ ಪಟ್ಟಿ ಬಿಗಿದವರು. ದೇಶ ಬೇರೆ, ಭಾಷೆ ಬೇರೆ, ಬಗ್ಗಿ ಬೂಟಿನ ಲಾಡಿ ಕಟ್ಟುವಾಗ ಬರುವ "ಅಮ್ಮಾ" ಮಾತ್ರ ಎಲ್ಲರದೂ ಒಂದೇ. ಇಡೀ ಮೈದಾನಕ್ಕೆ ನೋವಿನ ಮುಲಾಮಿನ ವಾಸನೆ. ನನಗಂತೂ ನಮ್ಮ ಸ್ಟಾಫ್ ರೂಮಿಗೆ ಬಂದ ಹಾಗಾಯಿತು.

ಆದರೆ ಆ ಹುಲ್ಲು! ಹಸಿರೆಂದರೆ ಹಸಿರು, ಮೆತ್ತಗೆ, ಒಂದು ಕಲ್ಲಿಲ್ಲ. ನಮ್ಮ ಮಂದಿ ಅದರ ಮೇಲೆ ಕಾಲಿಡಲು ಹಿಂದೆಮುಂದೆ ನೋಡಿದರು. ಪಂಡರಿ ಬಗ್ಗಿ ಮುಟ್ಟಿ ನೋಡಿ, "ಅಕ್ಕಾ, ಇದರ ಮ್ಯಾಲ ಎತ್ತು ಬಿಟ್ರ ಏನ್ ಮಸ್ತ್ ಮೇಯ್ತಾವ" ಎಂದ.

ಮೊದಲ ಮ್ಯಾಚು ಶ್ರೀಲಂಕಾದವರ ಜೊತೆ. ಸೋತರೆ ಅಲ್ಲಿಗೇ ಮುಗಿಯಿತು, ಗೆದ್ದರೆ ಮುಂದಿನ ಆಟ. ನಾನು ಗೋಲಿನ ಹಿಂದೆ ಬೇಲಿಯ ಹತ್ತಿರ ರೊಟ್ಟಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ನನಗೆ ಆಟ ತಿಳಿಯುವುದಿಲ್ಲ. ನನ್ನ ಕಣ್ಣೆಲ್ಲ ಇವರ ಬೆನ್ನಿನ ಮೇಲೆ, ಕಿವಿಯೆಲ್ಲ ಇವರ ಬಾಯಿಯ ಮೇಲೆ. ಒಂದು ಮಾತಿಲ್ಲ. ಗೌತಮ ಮುಂದಿನಿಂದ "ಅಣ್ಣಾ, ಜರಾ ಆವಾಜ್ ಕೊಡ್ರಿ" ಎಂದು ಅಂಗಲಾಚಿದರೂ ಇಲ್ಲ. ಆದರೂ ಹೇಗೋ ತಡೆದರು. ಎರಡನೇ ಅರ್ಧವೂ ಮುಗಿಯುತ್ತ ಬಂತು, ಎರಡೂ ಕಡೆ ಗೋಲಿಲ್ಲ. ನಮ್ಮ ಟೀಮು ಸೋಲುವುದಿಲ್ಲವೇನೋ ಎನ್ನುವ ಆಸೆ ನನಗೇ ಹುಟ್ಟಿಬಿಟ್ಟಿತ್ತು.

ಅಷ್ಟರಲ್ಲಿ ಎದುರಿನವರ ಪೈಕಿ ಒಬ್ಬ ದಪ್ಪ ಮೀಸೆಯ ಮನುಷ್ಯ ಬಾಲ್ ತಗೊಂಡು ಗೋಲಿನ ಕಡೆ ಓಡಿ ಬಂದ. ಯಾರೂ ಮುಟ್ಟಲಿಲ್ಲ, ತಳ್ಳಲಿಲ್ಲ, ತನ್ನ ಕಾಲು ತಾನೇ ತೊಡರಿ ಬೋರಲು ಬಿದ್ದ. ಬಾಲ್ ಉರುಳಿಕೊಂಡು ಪಂಡರಿಯ ಕಡೆ ಹೋಯಿತು.

"ಥಾಂಬ್!"

ಅದೇ ದನಿ, ಹಿತ್ತಲಿಗೆ ಕೇಳುತ್ತಿದ್ದ ದನಿ, ಚಿಂತಾಕಿ ಬಸ್ಸಿನ ಕೊನೆಯ ಸೀಟಿನವನನ್ನೂ ಬಡಿದೆಬ್ಬಿಸುತ್ತಿದ್ದ ದನಿ! ನಾನು ಎದ್ದು ನಿಂತೆ, ರೊಟ್ಟಿಯ ಗಂಟು ನೆಲಕ್ಕೆ ಬಿತ್ತು. ಮೈದಾನದಲ್ಲಿ ನಮ್ಮ ಟೀಮಿನವರೆಲ್ಲ ನಿಂತಲ್ಲೇ ನಿಂತರು. ಇವರು ಗೋಲನ್ನು ಬಿಟ್ಟು ಸೀದಾ ನಡೆದು ಬಂದು, ಬಿದ್ದವನ ತೋಳು ಹಿಡಿದು ಎಬ್ಬಿಸತೊಡಗಿದರು. ಶ್ರೀಲಂಕಾದವರಿಗೆ ಥಾಂಬ್ ಅಂದರೆ ಏನು ಗೊತ್ತು, ಪಾಪ? ಅವರಲ್ಲೊಬ್ಬ ಓಡಿ ಬಂದು ಪಂಡರಿಯ ಪಕ್ಕದಿಂದ ಬಾಲನ್ನು ಮೆಲ್ಲಗೆ ಒಳಗೆ ತಳ್ಳಿದ. ರೆಫರಿ ಸಿಳ್ಳೆ ಊದಿದ. ಗೋಲ್.

ಜನ ಹೋ ಎಂದು ನಕ್ಕರು. ನಮ್ಮ ಯಜಮಾನರಿಗೆ ಇನ್ನೂ ತಿಳಿದಿರಲಿಲ್ಲ, ಆ ಮನುಷ್ಯನ ಮೈಯನ್ನು ಜಾಡಿಸುತ್ತಲೇ ಇದ್ದರು. ಹುಲ್ಲಿನ ಮೇಲೆ ಬಿದ್ದವನಿಗೆ ಮಣ್ಣೆಲ್ಲಿಂದ ಬರಬೇಕು? ಆಮೇಲೆ ತಿರುಗಿ ನೋಡಿದರು. ಬಲೆಯೊಳಗೆ ಬಾಲು. ಆ ಮುಖ ನಾನು ಮರೆಯುವುದಿಲ್ಲ. ಇಷ್ಟು ದಿನದ ಮೇಲೆ ಒಂದೇ ಒಂದು ಸಲ ಬಾಯಿ ಬಿಟ್ಟರು, ಅದೂ ಹೀಗಾಯಿತು. ಇನ್ನು ಈ ಜನ್ಮದಲ್ಲಿ ಬಿಡುವುದಿಲ್ಲ ಎಂದುಕೊಂಡೆ.

ಆ ಒಂದೇ ಗೋಲಿನಿಂದ ಸೋತರು. ಆಟ ಮುಗಿದ ಮೇಲೆ ಆ ದಪ್ಪ ಮೀಸೆಯ ಮನುಷ್ಯ ಬಂದು ಇವರನ್ನು ಬಿಗಿಯಾಗಿ ತಬ್ಬಿಕೊಂಡ. ತನ್ನ ಭಾಷೆಯಲ್ಲಿ ಏನೇನೋ ಹೇಳಿದ, ಎದೆಯ ಮೇಲೆ ಕೈಯಿಟ್ಟುಕೊಂಡ. ಇವರು "ಹೂಂ" ಅಂದರು. ಮತ್ತೆ ಅದೇ "ಹೂಂ".

ವಾಪಸ್ ಬರುವಾಗ ಕ್ರೂಸರಿನಲ್ಲಿ ರೊಟ್ಟಿಯ ಗಂಟು ಬಿಚ್ಚಿ ಕೊಟ್ಟೆ, ಎಲ್ಲರೂ ತಿಂದರು, ಆದರೆ ಹಿಂಡಿ ಚಲೋ ಆಗ್ಯಾದ ಅಂತ ಕೂಡ ಯಾರೂ ಅನ್ನಲಿಲ್ಲ. ಇವರು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ಜಹೀರಾಬಾದ್ ಹತ್ತಿರ ಚಹಾಕ್ಕೆ ಗಾಡಿ ನಿಂತಿತು. ಎಲ್ಲರೂ ಇಳಿದು ಗ್ಲಾಸು ಹಿಡಿದು ನಿಂತಿದ್ದಾಗ ಪಂಡರಿ, ಏನೂ ಅರಿಯದವನ ಹಾಗೆ ಚಹಾ ಊದುತ್ತ, ಅಂದ:

"ಅಣ್ಣಾ, ಖರೇ ಹೇಳ್ಲಾ? ನೀವು ಥಾಂಬ್ ಅನ್ನದಿದ್ರ ಇವತ್ತು ನಾವು ಸೋಲ್ತಿದ್ದಿಲ್ಲ ನೋಡ್ರಿ."

ಇವನ ಬಾಯಿಗಿಷ್ಟು ಬೆಂಕಿ ಬೀಳಲಿ ಎಂದು ನಾನು ಮನಸ್ಸಿನಲ್ಲೇ ಶಪಿಸಿದೆ. ಗೌತಮ ಅವನ ಕಾಲು ತುಳಿದರು. ಇವರು ಚಹಾದ ಗ್ಲಾಸನ್ನು ಬೆಂಚಿನ ಮೇಲೆ ಕುಕ್ಕಿದರು.

"ಏನಂದಿ? ಏ ಪಂಡರಿ, ಏನಂದಿ? ಮತ್ತೊಮ್ಮೆ ಅನ್ನು!" ಚಹಾದಂಗಡಿಯವನು ಬೆಚ್ಚಿ ತಿರುಗಿ ನೋಡಿದ. "ಮನುಷ್ಯಾ ನನ್ನ ಕಣ್ಮುಂದ ಬೋರಲು ಬಿದ್ದಾನ. ನಾ ಅವನ್ನ ನೋಡ್ಲೋ, ಬಾಲ್ ನೋಡ್ಲೋ? ಶ್ರೀಲಂಕಾ ಇರ್ಲಿ, ಮಲೇಶಿಯಾ ಇರ್ಲಿ, ಬಿದ್ದಾಂವ ಬಿದ್ದಾಂವನೇ! ನಾಳಿಗಿ ಬಿದ್ರೂ ಥಾಂಬ್ ಅಂತೇನಿ, ನಾಡದ್ ಬಿದ್ರೂ ಅಂತೇನಿ. ಗೋಲ್ ಬೇಕಂತ ಗೋಲ್! ಅದಿರ್ಲಿ, ನೀ ಎಲ್ಲಿ ನಿಂತಿದ್ದಿ ಅದು ಹೇಳು ಮೊದಲ. ಎಡಕ್ಕ ನಿಲ್ಲಬೇಕಾದಾಂವ ಕಬ್ಬಿಗಿ ನೀರು ಬಿಡ್ಲಾಕ ನಿಂತಾಂವನಗತೆ ನಡಬರಕ ನಿಂತಿ! ಗೌತಮ್, ನೀನೂ ಕೇಳು, ನಿನ್ನದೂ ತಪ್ಪದ..."

ಗೌತಮ ತಲೆ ಬಗ್ಗಿಸಿ ಕೇಳಿದರು. ತುಟಿಯ ತುದಿಯಲ್ಲಿ ನಗು ತಡೆಯಲಾಗದೆ ಆ ಕಡೆ ತಿರುಗಿದರು. ಚಹಾ ಮುಗಿಯಿತು, ಗಾಡಿ ಹೊರಟಿತು, ಬೈಗುಳ ನಿಲ್ಲಲಿಲ್ಲ. ಗಾಡಿಯಲ್ಲಿದ್ದ ಒಬ್ಬೊಬ್ಬರ ಆಟವನ್ನೂ ಬಿಡಿಬಿಡಿಯಾಗಿ ಜಾಡಿಸಿದರು. ಬೈಸಿಕೊಂಡವರ ಮುಖಗಳನ್ನು ನೀವು ನೋಡಬೇಕಿತ್ತು. ಮದುವೆ ಮನೆಯಲ್ಲಿ ಬೂಂದಿ ಲಾಡು ಬಡಿಸಿಕೊಂಡವರು ಕೂಡ ಅಷ್ಟು ಸಂತೋಷಪಡುವುದಿಲ್ಲ. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದೆ. ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ಗೊತ್ತಿಲ್ಲ. ನಾನು ಜನ್ಮವಿಡೀ ಬೈದ ಫುಟ್ಬಾಲಿಗೆ ಮನಸ್ಸಿನಲ್ಲೇ ಕೈಮುಗಿದೆ. ಕಾಲು ತೊಡರಿ ಬಿದ್ದ ಆ ಹೆಸರು ಗೊತ್ತಿಲ್ಲದ ಪುಣ್ಯಾತ್ಮನಿಗೂ, ಅವನ ಮೊಣಕಾಲು ನೆಟ್ಟಗಿರಲಿ ಅಂತ ಹರಸಿದೆ.

ಚಿದ್ರಿಯಲ್ಲಿ ನಮ್ಮನ್ನು ಇಳಿಸಿದರು. ಇವರು ಮಾತಾಡುತ್ತಲೇ ಇಳಿದು ಗೇಟಿನ ಕಡೆ ಹೋದರು. ಗಾಡಿ ಮುಂದೆ ಭಾಲ್ಕಿಯ ಕಡೆ ಹೋಗಬೇಕಿತ್ತು. ನಾನು ಪಂಡರಿ ಕೂತಿದ್ದ ಕಿಟಕಿಯ ಹತ್ತಿರ ಹೋದೆ.

"ಪಂಡರಿ, ಇವರನ್ನ ಬೇಕಂತನೇ ಕೆಣಕಿದೇನು?"

"ಹೂಂ ಅಕ್ಕಾ. ಬೈಲಿ ಅಂತನೇ ಕೆಣಕಿದೆ." ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ, ಗೌತಮರಿಗೂ ಕೇಳದ ಹಾಗೆ ಸಣ್ಣ ದನಿಯಲ್ಲಿ ಹೇಳಿದ. "ಬಾಲ್ ನನ್ನ ಕಾಲಿನ ಬುಡಕ್ಕೇ ಬಂದಿತ್ತು ಅಕ್ಕಾ. ಅಂವ ಓಡಿ ಬರೋದೂ ಕಂಡಿತ್ತು. ಒಂದು ಒದ್ದಿದ್ರ ಮೈದಾನದ ಹೊರಗ ಹೋಗ್ತಿತ್ತು. ಆದ್ರ ಅಣ್ಣಾ ಥಾಂಬ್ ಅಂದ್ರು. ಎಷ್ಟ್ ದಿನಕ್ಕ ಅಂದ್ರು! ಅಂದಮ್ಯಾಲ ನಾ ಹ್ಯಾಂಗ ಒದೀಲಿ ಅಕ್ಕಾ?"

ನಾನು ಅವನ ತಲೆಯ ಮೇಲೆ ಕೈಯಿಟ್ಟೆ. ಸಣ್ಣವನಿದ್ದಾಗ ಇಡುತ್ತಿದ್ದ ಹಾಗೆ. "ನಿನ್ನ ಉಪಕಾರ ಮರೆಯಂಗಿಲ್ಲೋ" ಅಂದೆ. ಗಾಡಿ ಹೊರಟಿತು.

ಗೇಟಿನಲ್ಲಿ ಇವರು ಪಕ್ಕದ ಮನೆಯವರನ್ನು ನಿಲ್ಲಿಸಿಕೊಂಡಿದ್ದರು. "ಏನಾತಂದ್ರರಿ, ಆ ಮನುಷ್ಯಾ ಓಡಿ ಬಂದ..." ಎಂದು ಮೊದಲಿನಿಂದ ಶುರು ಮಾಡಿದ್ದರು. ಮನೆಯ ಕೀಲಿ ನನ್ನ ಕೈಯಲ್ಲಿತ್ತು. ನಾನು ಬಾಗಿಲು ತೆಗೆಯಲು ಹೋಗಲಿಲ್ಲ. ರಸ್ತೆಯಲ್ಲೇ ನಿಂತು ಪೂರ್ತಿ ಕೇಳಿದೆ.